ತುಕ್ಕು ಬೇಕಾಗಿದ್ದ ಕಬ್ಬಿಣ

ಕಳೆದ ತಿಂಗಳು ಒಂದು ಉಪನ್ಯಾಸದ ನಿಮಿತ್ತ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಅಕ್ಕಿ ಗಿರಣಿಗಳ ಕಡೆಯಿಂದ ಗಾಳಿ ಬೀಸಿ, ಬಿಸಿ ತೌಡಿನ ವಾಸನೆ ಕಿಟಕಿಯೊಳಗೆ ಬಂದಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಆ ವಾಸನೆ ಬಹಳ ಜನರಿಗೆ ಹಿಡಿಸದು. ಅದು ಪೂರ್ತಿ ಮೇವಿನದೂ ಅಲ್ಲ, ಪೂರ್ತಿ ಅಡುಗೆಯದೂ ಅಲ್ಲ. ನನಗಾದರೋ ಅದು ಕಬ್ಬಿಣ ಕಡೆಯುವ ಲೇತ್ ಯಂತ್ರದ ವಾಸನೆ. ಈ ಮಾತು ವಿಚಿತ್ರವಾಗಿ ಕೇಳಿಸಬಹುದಾದ್ದರಿಂದ, ಆಷಾಢದಿಂದ ಎಳ್ಳಮಾವಾಸ್ಯೆಯವರೆಗಿನ ಆ ಕೆಲವು ತಿಂಗಳುಗಳ ಸಂಗತಿಯನ್ನು ಮೊದಲಿನಿಂದ ಹೇಳುವುದೇ ಸರಿ.

ಆಗ ನಾನು ಬಳ್ಳಾರಿಯ ಕಾಲೇಜೊಂದರ ಪರಿಸರ ಎಂಜಿನಿಯರಿಂಗ್ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಪದವಿ ಪಡೆದವರು ಯಾರೂ ಇರಲಿಲ್ಲ. ತಂದೆಯವರು ಕುರುಗೋಡಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಅವರ ಉಗುರುಗಳ ಸಂದಿಯ ಕಪ್ಪು ಯಾವ ಸಾಬೂನಿಗೂ ಹೋಗುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ನಾನು ಬಿಳಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಮನೆಯ ಮಾತು ತಪ್ಪಿಯೂ ಬಾಯಿಗೆ ಬಾರದಂತೆ ಎಚ್ಚರವಹಿಸಿ, ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಒಮ್ಮೆ ಜೋಡಿಸಿಕೊಂಡು ಮಾತನಾಡುತ್ತಿದ್ದೆ. ಉಳಿದ ವಿದ್ಯಾರ್ಥಿಗಳು ಗಾಜಿನ ಪಾತ್ರೆಯೊಂದನ್ನು ಒಡೆದರೆ ನಕ್ಕು ಸುಮ್ಮನಾಗುತ್ತಿದ್ದರು. ನಾನು ಒಡೆದಿದ್ದರೆ ಆ ದಿನವೇ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗಿಬಿಡುತ್ತಿದ್ದೆನೇನೋ.

ನನಗೆ ವಹಿಸಿದ್ದ ಕೆಲಸ ಒಂದು ಓಣಿಯ ಅಂತರ್ಜಲಕ್ಕೆ ಸಂಬಂಧಿಸಿದ್ದು. ನಗರದ ಹೊರವಲಯದಲ್ಲಿ, ಕಾರ್ಖಾನೆಗಳ ಹಿಂದಿನ ಆ ಓಣಿಯಲ್ಲಿ ಹಿಂದೊಮ್ಮೆ ಲೋಹಕ್ಕೆ ಹೊಳಪಿನ ಲೇಪ ಹಾಕುವ ಸಣ್ಣ ಶೆಡ್ಡು ಇತ್ತು. ಅದು ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು; ಮಾಲೀಕರು ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಅವರು ನೆಲಕ್ಕೆ ಸುರಿದಿದ್ದ ಕ್ರೋಮಿಯಂ ಎಂಬ ವಿಷ ನೆಲದಡಿಯಲ್ಲೇ ಉಳಿದಿತ್ತು. ಸುತ್ತಲಿನ ಕೊಳವೆಬಾವಿಗಳಲ್ಲಿ ಅರಿಶಿನದ ಕೈ ತೊಳೆದಂತಹ ನೀರು ಬರುತ್ತಿತ್ತು.

ಆ ನೀರಿನ ಮಾದರಿಯನ್ನು ನಾನು ಸುಂಕಮ್ಮ ಎಂಬುವರ ಹಿತ್ತಲಿನಿಂದ ತರುತ್ತಿದ್ದೆ. ಅವರು ಎರಡು ಎಮ್ಮೆಗಳನ್ನು ಸಾಕಿಕೊಂಡು ಹಾಲು ಮಾರುತ್ತಿದ್ದರು. ಮನೆಯ ಬಾಗಿಲಲ್ಲೇ ಕೊಳವೆಬಾವಿ ಇದ್ದರೂ ಎಮ್ಮೆಗಳಿಗೆ ಕುಡಿಯಲು, ಮೈತೊಳೆಯಲು ಮೂರು ಓಣಿಗಳ ಆಚೆಯಿಂದ ತಳ್ಳುಗಾಡಿಯಲ್ಲಿ ಕೊಡಗಳನ್ನಿಟ್ಟು ನೀರು ತರಬೇಕಾಗಿತ್ತು. ದಿನಕ್ಕೆ ಎಷ್ಟು ಸಲ ಎಂದು ಒಮ್ಮೆ ಕೇಳಿದ್ದಕ್ಕೆ, ಎಮ್ಮೆಯನ್ನೇ ಕೇಳು ಎಂದಿದ್ದರು. ನಾನು ಪಂಪು ಹಾಕಿ ಹಳದಿ ನೀರನ್ನು ಕ್ಯಾನಿಗೆ ತುಂಬಿಕೊಳ್ಳುವಾಗ ಅವರು ಬಾಗಿಲಲ್ಲಿ ನಿಂತು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದರು.

“ಏನ್ ಬೇ ಯವ್ವಾ, ದಿನಾ ನಮ್ಮ ನೀರು ಒಯ್ತೀ. ಒಂದಿನಾನೂ ಚೊಲೊ ಮಾಡಿ ತಂದು ಕೊಡವಲ್ಲಿ.”

ಚೊಲೊ ಮಾಡುವ ವಿಧಾನ ತತ್ತ್ವದಲ್ಲಿ ಸರಳವಾಗಿತ್ತು. ಕಬ್ಬಿಣದ ಚೂರುಗಳನ್ನು ಮರಳಿನೊಂದಿಗೆ ಬೆರೆಸಿ ಗಾಜಿನ ಕೊಳವೆಯಲ್ಲಿ ತುಂಬಿ, ಮೇಲಿನಿಂದ ಆ ನೀರನ್ನು ಹನಿಹನಿಯಾಗಿ ಬಿಟ್ಟರೆ, ಕಬ್ಬಿಣವು ತಾನು ತುಕ್ಕು ಹಿಡಿಯುತ್ತ ವಿಷದ ಕಸುವನ್ನು ಮುರಿದು, ಅದನ್ನು ಆ ತುಕ್ಕಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಕೆಳಗೆ ಇಳಿದ ನೀರಿಗೆ ಪರೀಕ್ಷಾ ದ್ರವದ ಎರಡು ಹನಿ ಹಾಕಬೇಕು. ವಿಷ ಉಳಿದಿದ್ದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಉಳಿದಿರದಿದ್ದರೆ ಯಾವ ಬಣ್ಣವೂ ಬರುವುದಿಲ್ಲ. ಇದು ನಾವು ಕಂಡುಹಿಡಿದ ಸಂಗತಿಯೇನೂ ಅಲ್ಲ, ವಿದ್ವಾಂಸರು ಬಹಳ ಹಿಂದೆಯೇ ತೋರಿಸಿದ್ದು. ನಮ್ಮ ಊರಿನ ಲೇತ್ ಅಂಗಡಿಗಳಲ್ಲಿ ಗುಜರಿಗೆ ಹೋಗುವ ಚೂರಿನಿಂದ ಇದು ಸಾಧ್ಯವೇ ಎಂಬುದಷ್ಟೇ ನಮ್ಮ ಪ್ರಶ್ನೆ. ಡಿಸೆಂಬರಿನಲ್ಲಿ ಮೂವರು ಹಿರಿಯರ ಪರಿಶೀಲನಾ ಸಭೆ ನಡೆಯುವುದಿತ್ತು. ಫಲಿತಾಂಶಗಳು ಒಂದೇ ಸಮನಾಗಿ ಬಂದರೆ ಸುಂಕಮ್ಮನವರ ಹಿತ್ತಲಿನಲ್ಲಿ ದೊಡ್ಡ ಪ್ರಮಾಣದ ಪ್ರಯೋಗಕ್ಕೆ ಅನುಮತಿ. ಬಾರದಿದ್ದರೆ ಕೆಲಸ ಅಲ್ಲಿಗೇ ನಿಲ್ಲುವುದು, ನನ್ನ ನೋಂದಣಿಯೂ ಅನುಮಾನ.

ಸುಂಕಮ್ಮನವರ ಮನೆಯಿಂದ ನಾಲ್ಕು ಹೆಜ್ಜೆಯ ಅಂತರದಲ್ಲೇ ಮೌನೇಶಪ್ಪನವರ ಲೇತ್ ಅಂಗಡಿ ಇತ್ತು. ಪಂಪಿನ ಬಿಡಿಭಾಗ, ಗಿರಣಿಯ ಗಾಲಿ, ಟ್ರಾಕ್ಟರಿನ ದಂಡ, ಏನೇ ಸವೆದರೂ ಸುತ್ತಲಿನವರು ಅವರ ಬಳಿಗೇ ತರುತ್ತಿದ್ದರು. ಮೊದಲ ದಿನ ನಾನು ಬಾಗಿಲಲ್ಲಿ ನಿಂತು, ದಯವಿಟ್ಟು ತಮ್ಮಲ್ಲಿ ಬೀಡು ಕಬ್ಬಿಣದ ಚೂರುಗಳು ದೊರೆಯಬಹುದೇ ಎಂದು ವಿನಂತಿಸಿಕೊಂಡೆ. ಅವರು ಹಿಂದಕ್ಕೆ ತಿರುಗಿ ಇನ್ನಾರಾದರೂ ಇದ್ದಾರೆಯೇ ಎಂದು ನೋಡಿ, ಆ ‘ತಮ್ಮ’ ತಾನೇ ಎಂದು ಖಚಿತವಾದ ಮೇಲೆ ನಕ್ಕರು.

“ಚೂರು ಬೇಕ ನಿಮ್ಗ? ಗುಜರಿಯವನ್ನ ಬಿಟ್ರ ಇದನ್ನ ಕೇಳಿದವ್ರು ನೀವ ಮೊದ್ಲು ನೋಡ್ರಿ.”

ಬೀಡನ್ನು, ಎಂದರೆ ಎರಕದ ಕಬ್ಬಿಣವನ್ನು, ಎಣ್ಣೆ ಹಾಕದೆ ಒಣದಾಗಿಯೇ ಕಡೆಯುತ್ತಾರೆ. ಹಾಗಾಗಿ ಅದರ ಚೂರು ಶುದ್ಧವಾಗಿರುತ್ತದೆ ಎಂದು ನಾನು ಓದಿದ್ದೆ. ಉಕ್ಕಿನ ಚೂರಿಗೆ ಕಪ್ಪು ಎಣ್ಣೆ ಮೆತ್ತಿಕೊಂಡಿರುತ್ತದೆ, ಅದು ಬೇಡ. ಯಾತಕ್ಕೆ ಎಂದು ಅವರು ಕೇಳಿದರು. ಒಂದು ಪ್ರಯೋಗಕ್ಕೆ ಎಂದಷ್ಟೇ ಹೇಳಿದೆ. ಅವರು ಒಂದು ಬಣ್ಣದ ಡಬ್ಬಿಯನ್ನು ತೊಳೆದು, ಸುಣ್ಣದ ಕಡ್ಡಿಯಿಂದ ಅದರ ಮೇಲೆ ‘ಕಾಲೇಜು’ ಎಂದು ಬರೆದು ಮೂಲೆಯಲ್ಲಿಟ್ಟರು. ವಾರಕ್ಕೊಮ್ಮೆ ನಾನು ಹೋಗಿ ಅದನ್ನು ಬರಿದು ಮಾಡಿಕೊಂಡು ಬರುತ್ತಿದ್ದೆ.

ಮೊದಲ ಕೊಳವೆಯ ನೀರಿಗೆ ಯಾವ ಬಣ್ಣವೂ ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಆ ವಾರ ನಾನು ಹಾಸ್ಟೆಲಿನ ಊಟದಲ್ಲಿ ಎರಡು ರೊಟ್ಟಿ ಹೆಚ್ಚು ತಿಂದದ್ದು ನೆನಪಿದೆ. ಮೂರನೆಯ ಬಾರಿ ನೀರು ನೇರಳೆಯಾಯಿತು. ತಿಳಿ ನೇರಳೆಯೂ ಅಲ್ಲ, ಮಾಗಿದ ನೇರಳೆ ಹಣ್ಣಿನ ಬಣ್ಣ. ನಾನು ಕೊಳವೆಯನ್ನು ತೊಳೆದೆ, ಮರಳನ್ನು ಬದಲಿಸಿದೆ, ಪರೀಕ್ಷಾ ದ್ರವವನ್ನು ಹೊಸದಾಗಿ ಮಾಡಿಕೊಂಡೆ. ನೇರಳೆಯೇ. ಮುಂದಿನ ವಾರ ಹೊಸ ಚೂರು ತಂದಾಗ ತಾನಾಗಿ ಸರಿಹೋಯಿತು. ಕೆಲವು ವಾರಗಳ ನಂತರ ಮತ್ತೆ ಕೆಟ್ಟಿತು, ಮತ್ತೆ ಸರಿಹೋಯಿತು. ಮೂರನೆಯ ಸಲವೂ ಹಾಗೆಯೇ.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡದೆ ಬರೆಯಬೇಕು. ನನ್ನ ಬಳಿ ಎರಡು ಪುಸ್ತಕಗಳಿದ್ದವು. ಸರಿಯಾಗಿ ಬಂದ ಫಲಿತಾಂಶಗಳನ್ನು ದಪ್ಪ ರಟ್ಟಿನ ದಾಖಲೆ ಪುಸ್ತಕದಲ್ಲಿ ದುಂಡಾಗಿ ಬರೆಯುತ್ತಿದ್ದೆ. ಕೆಟ್ಟವುಗಳನ್ನು ಒಂದು ಕಚ್ಚಾ ಪುಸ್ತಕದಲ್ಲಿ ಗೀಚಿ ಚೀಲದ ಅಡಿಯಲ್ಲಿ ಇಡುತ್ತಿದ್ದೆ. ಅವು ಪ್ರಯೋಗದ ಫಲಿತಾಂಶಗಳಲ್ಲ, ನನ್ನ ಕೈಯ ದೋಷಗಳು ಎಂದು ಪ್ರಾಮಾಣಿಕವಾಗಿಯೇ ನಂಬಿದ್ದೆ. ಪ್ರಯೋಗಾಲಯದಲ್ಲಿ ಏನೇ ತಪ್ಪಿದರೂ ಅದು ಸೈಕಲ್ ಅಂಗಡಿಯಿಂದ ಬಂದವಳ ಕೈಯೇ ಇರಬೇಕೆಂಬುದು ನನ್ನ ಲೆಕ್ಕಾಚಾರವಾಗಿತ್ತು. ಮಾರ್ಗದರ್ಶಕಿ ಪದ್ಮಜಾ ಮೇಡಂ ದಾಖಲೆ ಪುಸ್ತಕ ತಿರುವಿ ನೋಡಿ, ಬಹಳ ಚೆನ್ನಾಗಿದೆ ಎನ್ನುವಾಗ ನಾನು ಚೀಲವನ್ನು ಕಾಲಿನಿಂದ ಮೇಜಿನ ಕೆಳಗೆ ಸರಿಸುತ್ತಿದ್ದೆ.

ಮಹಾನವಮಿಗೆ ಊರಿಗೆ ಹೋದೆ. ಬಳ್ಳಾರಿಯ ಬಂಡೆಗಳ ಬಿಸಿ ಇನ್ನೂ ಆರಿರಲಿಲ್ಲವಾದರೂ ಬಾದನಹಟ್ಟಿಯ ಕಡೆ ಮೆಣಸಿನ ಗಿಡಗಳು ಹಸಿರಾಗಿ ನಿಂತಿದ್ದವು. ಆಯುಧಪೂಜೆಯ ಬೆಳಿಗ್ಗೆ ತಂದೆಯವರು ಅಂಗಡಿಯ ಸಾಮಾನುಗಳನ್ನೆಲ್ಲ ಗೋಣಿಚೀಲದ ಮೇಲೆ ಹರವಿ, ಪಾನಾಗಳು, ಪಂಪು, ಸುತ್ತಿಗೆ ಎಲ್ಲವನ್ನೂ ಎಣ್ಣೆ ಬಟ್ಟೆಯಿಂದ ಒರೆಸುತ್ತ ಕುಳಿತಿದ್ದರು. ನಾನು ವಿಭೂತಿ, ಕುಂಕುಮ ಹಚ್ಚಿಕೊಡುತ್ತಿದ್ದೆ. ಸಾಮಾನು ಮುಗಿದ ಮೇಲೆ ಅವರು ಮೂಲೆಯ ಗುಜರಿ ಡಬ್ಬಿಯನ್ನು ಎಳೆದುಕೊಂಡರು. ತುಂಡಾದ ಚೈನು, ಸವೆದ ಗುಂಡುಗಳು, ಮುರಿದ ಕಡ್ಡಿಗಳು. ಅವಕ್ಕೂ ಒಂದು ಬಟ್ಟಲು ಎಣ್ಣೆ ಸುರಿದು ಕೈಯಾಡಿಸಿದರು.

ನಾಳೆ ಮಾರಿಬಿಡುವ ಗುಜರಿಗೆ ಎಣ್ಣೆ ಏಕೆ ಎಂದು ಕೇಳಿದೆ.

“ಮಾರೋದು ನಾಳಿ. ಇವತ್ತು ಅದು ನಮ್ಮನ್ಯಾಗಿನ ಕಬ್ಬಿಣ” ಎಂದರು ತಂದೆ. “ಬರೀ ಇವತ್ತಲ್ಲ, ಅಮಾಸಿಗೊಮ್ಮೆ ಮಾಡ್ತೀನಿ. ನೀ ಸಣ್ಣಕಿದ್ದಾಗಿಂದ ನೋಡೀಯಲ್ಲ. ಕಬ್ಬಿಣ ನಂಬಿದವ್ರು ಅಮಾಸಿ ದಿನ ಕಬ್ಬಿಣ ಒಣಗಾಕ ಬಿಡ್ತಾರೇನು?”

ಹೌದು, ನೋಡಿದ್ದೆ. ಪ್ರತಿ ಅಮಾವಾಸ್ಯೆಗೂ ನೋಡಿದ್ದೆ. ಆದರೆ ಕಾಲೇಜಿನ ಮೆಟ್ಟಿಲು ಹತ್ತುವಾಗ, ಇದು ತಿಳಿವಳಿಕೆಯ ಲೆಕ್ಕಕ್ಕೆ ಸೇರದ್ದೆಂದು ಅಂಗಡಿಯ ಬಾಗಿಲಲ್ಲೇ ಬಿಟ್ಟು ಹೋಗಿದ್ದೆ. ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಒಳಗೆ ಹೋಗಿ, ಚೀಲದ ಅಡಿಯಿಂದ ಕಚ್ಚಾ ಪುಸ್ತಕ ತೆಗೆದು, ಅಡುಗೆಮನೆಯ ಗೋಡೆಯ ಪಂಚಾಂಗದ ಕ್ಯಾಲೆಂಡರಿನ ಮುಂದೆ ನಿಂತೆ. ಒಲೆಯ ಮುಂದಿದ್ದ ತಾಯಿ, ಕಂಬದ ಹಾಗೆ ನಿಂತುಬಿಟ್ಟೆಯಲ್ಲ, ಏನಾಯಿತು ಎಂದು ಗದರಿದರು. ನಾಗರ ಅಮಾವಾಸ್ಯೆಯ ಮರುದಿನ ತಂದ ಚೂರು ಕೆಟ್ಟಿತ್ತು. ಬೆನಕನ ಅಮಾವಾಸ್ಯೆಯ ನಂತರ ತಂದದ್ದೂ, ಮಹಾಲಯದ ನಂತರ ತಂದದ್ದೂ ಕೆಟ್ಟಿದ್ದವು. ನಡುವಿನ ವಾರಗಳದ್ದೆಲ್ಲ ಸರಿಯಾಗಿತ್ತು. ಮೌನೇಶಪ್ಪನವರು ಅಮಾವಾಸ್ಯೆಗೆ ಯಂತ್ರವನ್ನು ಪೂಜಿಸಿ, ಅಂಗಡಿಯ ಕಬ್ಬಿಣಕ್ಕೆಲ್ಲ ಎಣ್ಣೆ ಸವರುವಾಗ ನನ್ನ ಡಬ್ಬಿಗೂ ಸವರಿದ್ದರು. ಎಣ್ಣೆಯ ಪೊರೆ ಹೊದ್ದ ಕಬ್ಬಿಣಕ್ಕೆ ನೀರು ತಾಗಲಿಲ್ಲ, ತುಕ್ಕು ಹಿಡಿಯಲಿಲ್ಲ, ವಿಷ ಹಾಗೆಯೇ ಇಳಿದುಬಂತು. ಆ ಚೂರುಗಳಿಗೆ ತುಸು ಹೊಳಪು ಹೆಚ್ಚಿದ್ದದ್ದು ನನಗೆ ಕಂಡಿತ್ತು ಕೂಡ. ಒಳ್ಳೆಯ ಕಬ್ಬಿಣವೆಂದು ಸಂತೋಷಪಟ್ಟಿದ್ದೆ.

ತಪ್ಪು ನನ್ನ ಕೈಯದಲ್ಲ ಎಂಬ ನಿರಾಳದಲ್ಲಿ ಬಳ್ಳಾರಿಗೆ ಮರಳಿದೆ. ಮೇಡಂ ಅವರಿಗೆ ತೋರಿಸಲು ವರದಿಯ ಒಂದು ಪುಟ ಸಿದ್ಧಪಡಿಸಿದೆ. ಅದರಲ್ಲಿ ಒಂದು ವಾಕ್ಯವನ್ನು ಬಹಳ ಎಚ್ಚರದಿಂದ ಕಟ್ಟಿದ್ದೆ: ‘ಪೂರೈಕೆ ಮಾಡಿದ ಕಾರ್ಮಿಕನ ಅಜ್ಞಾನದಿಂದಾಗಿ ಮೂರು ಮಾದರಿಗಳು ಕಲುಷಿತಗೊಂಡಿದ್ದವು.’ ವ್ಯಾಕರಣದ ದೃಷ್ಟಿಯಿಂದ ಅದು ನಿರ್ದುಷ್ಟವಾಗಿತ್ತು.

ಆ ಪುಟದ ಜೊತೆಗೆ ಕಚ್ಚಾ ಪುಸ್ತಕವನ್ನೂ ಮೇಜಿನ ಮೇಲಿಟ್ಟೆ. ಮೇಡಂ ಕೋಟೆ ಪ್ರದೇಶದ ವಿದ್ಯಾವಂತ ಮನೆತನದವರು. ಅವರ ಅಜ್ಜನ ಕಾಲದಿಂದ ಮನೆಯಲ್ಲಿ ಶಿಕ್ಷಕರಿದ್ದರು. ಇಂಥವರ ಮುಂದೆ ಎರಡು ಪುಸ್ತಕ ಇಟ್ಟವಳು ಇನ್ನು ಮುಂದೆ ಇಲ್ಲಿರಲಾರಳು ಎಂದೇ ನಾನು ತೀರ್ಮಾನಿಸಿದ್ದೆ. ಅವರು ಕಚ್ಚಾ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದರು. ಬೈಯಲಿಲ್ಲ. ಇದನ್ನು ಬಚ್ಚಿಟ್ಟದ್ದು ತಪ್ಪು, ಹರಿದು ಹಾಕದೆ ಇದ್ದದ್ದು ಪುಣ್ಯ ಎಂದರು. ಆಮೇಲೆ ವರದಿಯ ಪುಟ ಓದಿ, ಆ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದರು.

“ಕಬ್ಬಿಣ ಯಾತಕ್ಕ ಬೇಕು ಅಂತ ಅವರಿಗೆ ಹೇಳಿದ್ದಿಯೇನು?”

ಇಲ್ಲ ಎಂದೆ.

“ಮತ್ತ ಅಜ್ಞಾನ ಅವರದು ಹ್ಯಾಂಗಾತು?”

ಇನ್ನು ಮೇಲೆ ಎಲ್ಲವೂ ಒಂದೇ ಪುಸ್ತಕದಲ್ಲಿ ಇರಬೇಕೆಂದೂ, ಆ ವಾಕ್ಯವನ್ನು ತಿದ್ದುವ ಮೊದಲು ಲೇತ್ ಅಂಗಡಿಗೆ ಹೋಗಿ ಬರಬೇಕೆಂದೂ ಅವರು ಹೇಳಿದರು.

ಮೌನೇಶಪ್ಪನವರು ಒಂದು ಗಾಲಿಯನ್ನು ಯಂತ್ರಕ್ಕೆ ಕಟ್ಟುತ್ತಿದ್ದರು. ಅಮಾವಾಸ್ಯೆಯ ದಿನ ಡಬ್ಬಿಗೆ ಎಣ್ಣೆ ಹಾಕಿದ್ದಿರಾ ಎಂದು ಕೇಳಿದೆ. ಪ್ರಶಂಸೆಗೆ ಬಂದವಳೆಂದು ತಿಳಿದು ಅವರ ಮುಖ ಅರಳಿತು.

“ಹಾಕಿದ್ದೆ ಮತ್ತ. ಸರಸ್ವತಿ ಹತ್ರ ಹೋಗೋ ಕಬ್ಬಿಣ ಅದು. ತುಕ್ಕು ಹಿಡಿದು ಹೋದ್ರ ನನ್ನ ಮರ್ಯಾದಿ ಏನಾಗ್ಬೇಕು? ಹೊಸಾ ಡಬ್ಬಿ ಎಣ್ಣಿ ಒಡೆದು ಹಚ್ಚೀನಿ, ಹಳೀದಲ್ಲ.”

ಹಾಸ್ಟೆಲಿನಿಂದ ಅಲ್ಲಿಯವರೆಗೆ ನಾನು ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಆ ಮುಖದ ಮುಂದೆ ನಿಲ್ಲಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಆ ಅಂಗಡಿಯಲ್ಲಿ ಮನೆಯ ಮಾತು ಬಾಯಿಗೆ ಬಂತು.

“ಕಾಕಾ, ನಮ್ಗ ಬೇಕಾಗಿದ್ದು ತುಕ್ಕ. ಕಬ್ಬಿಣ ತುಕ್ಕು ಹಿಡಿದ್ರನ ಸುಂಕಮ್ಮನ ನೀರಿನ್ಯಾಗಿನ ವಿಷ ಕಳಿಯಾದು.”

ಅವರು ಗಾಲಿಯಿಂದ ಕೈ ತೆಗೆದರು. ಒಂದು ಸ್ಟೂಲು ಎಳೆದು ನನ್ನನ್ನು ಕೂರಿಸಿ, ಇನ್ನೊಮ್ಮೆ ಹೇಳಿಸಿದರು. ನಾನು ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಕೊಳವೆಯ ಚಿತ್ರ ಬರೆದು, ನೀರು ಎಲ್ಲಿಂದ ಇಳಿಯುತ್ತದೆ, ಕಬ್ಬಿಣ ಏನು ಮಾಡುತ್ತದೆ, ಎಣ್ಣೆ ಹೇಗೆ ಅಡ್ಡ ಬಂತು ಎಂದು ವಿವರಿಸಿದೆ. ಅವರು ಕೇಳಿದ ಪ್ರಶ್ನೆಗಳು ನನ್ನ ಸಹಪಾಠಿಗಳ ಪ್ರಶ್ನೆಗಳಿಗಿಂತ ಹರಿತವಾಗಿದ್ದವು: ಚೂರು ಸಣ್ಣದಿದ್ದರೆ ಬೇಗ ತುಕ್ಕು ಹಿಡಿಯುತ್ತದಲ್ಲ, ಹಾಗಿದ್ದರೆ ಸಣ್ಣದೇ ಲೇಸೇ? ತುಕ್ಕೆಲ್ಲ ಕಟ್ಟಿಕೊಂಡು ನೀರಿನ ದಾರಿ ಮುಚ್ಚಿದರೆ ಏನು ಮಾಡುತ್ತೀ? ಕೊನೆಗೆ ತಲೆ ಅಲ್ಲಾಡಿಸಿ ನಕ್ಕರು.

“ಮೂವತ್ತು ವರ್ಷ ಆತು ತುಕ್ಕಿನ ಸಂಗಟ ಜಗಳಾಡಾಕ ಹತ್ತಿ. ನೀ ಬಂದು ಅದು ನಮ್ಮ ಬೀಗರು ಅಂತ ಹೇಳ್ತಿ. ಇರ್ಲಿ. ಇದನ್ನ ಮೊದ್ಲ ಯಾಕ ಹೇಳಲಿಲ್ಲವ್ವಾ?”

“ಹೇಳಿದ್ರ ನಿಮ್ಗ ತಿಳೀತೈತೋ ಇಲ್ಲೋ ಅಂತ...”

“ತಿಳೀದಿದ್ರ ಇನ್ನೊಂದ್ಸಲ ಕೇಳ್ತಿದ್ದೆ” ಎಂದರು ಮೌನೇಶಪ್ಪ. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂದಿನಿಂದ ಕೆಲಸ ನನ್ನೊಬ್ಬಳದಾಗಿ ಉಳಿಯಲಿಲ್ಲ. ಮುಂದಿನ ವಾರವೇ ಅವರು ಹೊಸ ತೊಡಕೊಂದನ್ನು ಎತ್ತಿದರು. ಗಾಜಿನ ಕೊಳವೆಗೆ ಬೀಡಿನ ಚೂರು ಸಾಲುತ್ತದೆ, ಆದರೆ ಹಿತ್ತಲಿನಲ್ಲಿ ಪೀಪಾಯಿಗಳನ್ನಿಟ್ಟರೆ ಅಷ್ಟು ಬೀಡು ಎಲ್ಲಿಂದ ಬರಬೇಕು? ಅಂಗಡಿಯಲ್ಲಿ ರಾಶಿ ಬೀಳುವುದು ಉಕ್ಕಿನ ಚೂರು. ಅದನ್ನು ಕಡೆಯುವಾಗ ಕಾವು ಏರದಂತೆ ಕಪ್ಪೆಣ್ಣೆ ಸುರಿಯಲೇಬೇಕು, ಆ ಎಣ್ಣೆ ಬಿಸಿನೀರಿಗೂ ಬಟ್ಟೆ ಒಗೆಯುವ ಸೋಡಾಕ್ಕೂ ಜಗ್ಗುವುದಿಲ್ಲ. ಹೀಗೆ ಹೇಳುತ್ತ ಅವರು ಅಂಗೈ ತೋರಿಸಿದರು. ಬೆರಳ ಸಂದಿಗಳಲ್ಲಿ ಚರ್ಮ ಒಡೆದು ಕೆಂಪಾಗಿತ್ತು. ಈ ಎಣ್ಣೆಯ ತುರಿಕೆಗೆ ಎಷ್ಟೋ ಮುಲಾಮು ಹಚ್ಚಿದ್ದಾಗಿತ್ತು.

ಇದನ್ನು ಮೇಡಂ ಅವರಿಗೆ ತಿಳಿಸಿದೆ. ಕೈಗಾರಿಕೆಯ ಎಣ್ಣೆಗಳ ಬದಲಿಗೆ ಬೀಜದೆಣ್ಣೆಗಳನ್ನು ಬಳಸುವ ಬಗ್ಗೆ ಅವರು ಓದಿಕೊಂಡಿದ್ದರು. ಅವು ಸೋಡಾ ನೀರಿನಲ್ಲಿ ಸಾಬೂನಾಗಿ ಬಿಟ್ಟುಹೋಗುತ್ತವೆ, ಮಣ್ಣಿನಲ್ಲಿ ಕೊಳೆತು ಕರಗುತ್ತವೆ ಎಂದರು. ನಮ್ಮ ಜಿಲ್ಲೆಯಲ್ಲಿ ಅಂಥ ಎಣ್ಣೆ ಯಾವುದು ಎಂದು ಕೇಳಿದಾಗ ಉತ್ತರ ನನಗೆ ಮೊದಲೇ ಗೊತ್ತಿತ್ತು, ಏಕೆಂದರೆ ನನ್ನ ಸೋದರಮಾವ ಈರಣ್ಣ ಸಿರುಗುಪ್ಪದ ತೌಡೆಣ್ಣೆ ಗಿರಣಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಹಿಂದೆ ಈ ಸಂಬಂಧವನ್ನು ಕಾಲೇಜಿನಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಈಗ ಹೇಳಿದೆ.

ದೀಪಾವಳಿಗೆ ಸಿರುಗುಪ್ಪಕ್ಕೆ ಹೋದೆ. ತುಂಗಭದ್ರೆಯ ಕಡೆಯ ಗದ್ದೆಗಳಲ್ಲಿ ಭತ್ತ ಹೊನ್ನಿನ ಬಣ್ಣಕ್ಕೆ ತಿರುಗಿ ಬಾಗಿತ್ತು. ಮೊದಲೇ ಕೊಯ್ದವರು ಅರ್ಧ ರಸ್ತೆಯ ಮೇಲೆ ಕಾಳು ಹರವಿದ್ದರಿಂದ ಬಸ್ಸು ಉಳಿದರ್ಧದಲ್ಲಿ ವಿನಯದಿಂದ ಸಾಗುತ್ತಿತ್ತು. ಮಾವ ಗಿರಣಿಯಿಂದ ಮಾಲೀಕರ ಒಪ್ಪಿಗೆ ಪಡೆದು, ಹಾಲಿನ ಕ್ಯಾನೊಂದರಲ್ಲಿ ತೌಡೆಣ್ಣೆ ತುಂಬಿಸಿ ಕೊಟ್ಟರು. ಇಷ್ಟೆಲ್ಲ ಓದಿ ಕಡೆಗೆ ಎಣ್ಣೆ ಬೇಡಲು ಬಂದೆಯಲ್ಲ ಎಂದು ಬಸ್ಸು ಹೊರಡುವವರೆಗೂ ಛೇಡಿಸಿದರು. ಅತ್ತೆ ಕರ್ಜಿಕಾಯಿಯ ಡಬ್ಬಿಯನ್ನೂ ತುರುಕಿದ್ದರಿಂದ, ಹಾಸ್ಟೆಲ್ ತಲುಪುವಷ್ಟರಲ್ಲಿ ಎರಡಕ್ಕೂ ಒಂದೇ ವಾಸನೆ ಬಂದಿತ್ತು.

ತೌಡೆಣ್ಣೆಗೆ ಸಾಬೂನಿನ ನೀರು ಸೇರಿಸಿ ಕಡೆದಾಗ ಅದು ಬೆಳ್ಳಗೆ ನೊರೆಯಾಯಿತು. ಮೌನೇಶಪ್ಪನವರು ಅದಕ್ಕೆ ಮಜ್ಜಿಗೆ ಎಂದೇ ಹೆಸರಿಟ್ಟರು. ಅಂಗಡಿಗೆ ಬಂದವರಿಗೆಲ್ಲ, ಕಾಲೇಜಿನವರು ನನ್ನ ಯಂತ್ರಕ್ಕೆ ಮಜ್ಜಿಗೆ ಕುಡಿಸಲು ಹತ್ತಿದ್ದಾರೆ ಎಂದು ಹೇಳಿ ನಗಿಸುತ್ತಿದ್ದರು. ಆದರೆ ಉಕ್ಕಿನ ದಂಡದ ಮೇಲೆ ಅದನ್ನು ಮೊದಲ ಸಲ ಸುರಿದಾಗ ಅವರು ನಗಲಿಲ್ಲ. ಕಿವಿಯನ್ನು ಯಂತ್ರದ ಹತ್ತಿರ ಬಾಗಿಸಿ ಸದ್ದು ಆಲಿಸಿದರು. ಚೂರು ಉದ್ದನೆಯ ಸುರುಳಿಯಾಗಿ ಬಿಟ್ಟುಕೊಂಡು ಬಂತು, ಅಂಗಡಿಯ ತುಂಬ ಬಜ್ಜಿ ಕರಿದ ವಾಸನೆ ಹರಡಿತು. ಉಳಿ ಅಳುತ್ತಿಲ್ಲ ಎಂದರು. ಅದು ಅವರ ಕಡೆಯಿಂದ ದೊಡ್ಡ ಪ್ರಮಾಣಪತ್ರ.

ಎಲ್ಲವೂ ಸುಸೂತ್ರವಾಯಿತೆಂದು ಹೇಳಲಾರೆ. ನಾಲ್ಕನೆಯ ದಿನಕ್ಕೆ ಮಜ್ಜಿಗೆ ಹುಳಿಯಿತು, ಅಂಗಡಿಯಲ್ಲಿ ನಿಲ್ಲಲಾಗದಂತಾಯಿತು.

“ಓಣ್ಯಾಗಿನ ಬೆಕ್ಕೆಲ್ಲ ಬಂದು ಟ್ರೇ ನೆಕ್ಕಾಕ ಹತ್ಯಾವು” ಎಂದು ಮೌನೇಶಪ್ಪ ದೂರಿದರು. “ಆ ಕಪ್ಪೆಣ್ಣಿಗೆ ಇಲಿ ಸೈತ ಹಾಯ್ತಿದ್ದಿಲ್ಲ.”

ಒಂದೇ ಸಲ ಬಹಳ ಕಲಸಿಡದೆ, ವಾರಕ್ಕೆರಡು ಬಾರಿ ಸ್ವಲ್ಪ ಸ್ವಲ್ಪವೇ ಹೊಸದಾಗಿ ಕಲಸಿಕೊಳ್ಳುವುದೆಂದು ತೀರ್ಮಾನವಾಯಿತು. ಉಕ್ಕಿನ ಚೂರನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಎರಡು ಸಲ ತೊಳೆದರೆ ಎಣ್ಣೆ ಬಿಟ್ಟು, ಗಾಳಿಗೆ ಇಟ್ಟ ಸ್ವಲ್ಪ ಹೊತ್ತಿನಲ್ಲೇ ಕೆಂಪಗೆ ತುಕ್ಕು ಏಳುತ್ತಿತ್ತು. ಮೌನೇಶಪ್ಪನವರಿಗೆ ಮಾತ್ರ ಅದನ್ನು ನೋಡಿಕೊಂಡು ಇರಲಾಗುತ್ತಿರಲಿಲ್ಲ. ಡಬ್ಬಿಯ ಮೇಲೆ ಗೋಣಿ ಮುಚ್ಚಿ, ಆ ಕಡೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದರು. ಅಮಾವಾಸ್ಯೆಯ ಪೂಜೆಯನ್ನು ಅವರು ಬಿಡಲಿಲ್ಲ, ನಾನು ಬಿಡಿ ಎನ್ನಲೂ ಇಲ್ಲ. ಕಾಲೇಜಿನ ಡಬ್ಬಿಗೆ ಆ ದಿನ ಎಣ್ಣೆಯ ಬದಲು ಒಂದು ಬೊಟ್ಟು ವಿಭೂತಿ ಇಟ್ಟರು. ಕಾರ್ತಿಕದ ಕೊನೆಯ ಹೊತ್ತಿಗೆ ಅವರ ಬೆರಳ ಸಂದಿಯ ಕೆಂಪು ಇಳಿದಿತ್ತು. ಅದನ್ನು ಯಾವ ಕೋಷ್ಟಕದಲ್ಲಿ ಬರೆಯಬೇಕೆಂದು ನನಗೆ ತಿಳಿಯಲಿಲ್ಲ. ಮೇಡಂ ಟಿಪ್ಪಣಿಯಲ್ಲಿ ಬರೆ ಎಂದರು.

ಪರಿಶೀಲನಾ ಸಭೆಯ ದಿನ ಬಳ್ಳಾರಿಯಲ್ಲಿ ಅಪರೂಪಕ್ಕೆ ಚಳಿ ಇತ್ತು. ನನ್ನ ವರದಿಯಲ್ಲಿ ಆ ವಾಕ್ಯ ಇರಲಿಲ್ಲ. ಕೆಟ್ಟ ಮೂರು ಫಲಿತಾಂಶಗಳನ್ನು ಒಳ್ಳೆಯವುಗಳ ನಡುವೆ, ಅವು ನಡೆದ ದಿನಾಂಕಗಳ ಕ್ರಮದಲ್ಲೇ ಇಟ್ಟಿದ್ದೆ. ಹಾಗೆ ಇಟ್ಟರೆ ಕೋಷ್ಟಕ ಅಂದವಾಗಿ ಕಾಣುತ್ತಿರಲಿಲ್ಲ. ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ನೇರವಾಗಿ ಅಲ್ಲಿಗೇ ಬೆರಳಿಟ್ಟು, ಈ ಮೂರು ಸಲ ಕಬ್ಬಿಣಕ್ಕೆ ಎಣ್ಣೆ ಹೇಗೆ ಬಂತು, ತಪ್ಪು ಯಾರದು ಎಂದು ಕೇಳಿದರು. ಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು; ಅವರು ನೆರವಿಗೆ ಬರುವುದಿಲ್ಲವೆಂದು ತಿಳಿಯಿತು.

“ಕಬ್ಬಿಣ ಏಕೆ ಬೇಕೆಂದು ನಾನು ಅವರಿಗೆ ತಿಳಿಸಿರಲಿಲ್ಲ, ಸರ್. ಅವರು ಅದನ್ನು ಚೆನ್ನಾಗಿ ಕಾಪಾಡಿಕೊಟ್ಟಿದ್ದರು. ತಪ್ಪು ನನ್ನದು.”

ಅವರು ಕನ್ನಡಕ ತೆಗೆದು ವರದಿಯ ಹಾಳೆಗಳನ್ನು ಹಿಂದಕ್ಕೆ ತಿರುವಿದರು.

“ಹಾಗಾದರೆ ನಿಮ್ಮ ವಿಧಾನದಲ್ಲಿ ಒಂದು ಹಂತ ಬಿಟ್ಟುಹೋಗಿದೆಯಲ್ಲ? ಕಬ್ಬಿಣ ತೊಳೆಯುವುದರಿಂದ ಆರಂಭಿಸಿದ್ದೀರಿ. ಕೊಡುವವರಿಗೆ ಹೇಳುವುದು ಅದಕ್ಕಿಂತ ಮೊದಲು ಬರಬೇಕು. ಸೇರಿಸಿ.”

ನಾನು ಅಲ್ಲೇ ನಿಂತು ಪೆನ್ನಿನಿಂದ ಸೇರಿಸಿದೆ. ಈಗಲೂ ಆ ಪ್ರಬಂಧದಲ್ಲಿ ವಿಧಾನದ ಮೊದಲ ಹಂತ ಅದೇ: ಕಬ್ಬಿಣ ಒದಗಿಸುವವರಿಗೆ ಅದರ ಉಪಯೋಗವನ್ನು ತಿಳಿಸತಕ್ಕದ್ದು. ಅನುಮತಿ ಆ ದಿನವೇ ಸಿಕ್ಕಿತು.

ಎಳ್ಳಮಾವಾಸ್ಯೆಯ ದಿನ ಸುಂಕಮ್ಮನವರ ಹಿತ್ತಲಿನಲ್ಲಿ ನೀರು ಬಿಟ್ಟೆವು. ಅಂಗಡಿಗೆ ರಜೆಯಾದ್ದರಿಂದ ಮೌನೇಶಪ್ಪನವರಿಗೆ ಆ ದಿನವೇ ಅನುಕೂಲವಾಗಿತ್ತು. ಮೂರು ನೀಲಿ ಪೀಪಾಯಿಗಳನ್ನು ಅವರೇ ಜೋಡಿಸಿ, ನಲ್ಲಿಗಳ ಕೀಲು ಬಿಗಿದರು. ನಾನು ಅವರ ಪಕ್ಕದಲ್ಲಿ ಕುಳಿತು ಮರಳು, ಚೂರು ತುಂಬಿದೆ. ನೀರು ಒಂದರಿಂದ ಒಂದಕ್ಕೆ ಇಳಿದು ಬರಲು ಮಧ್ಯಾಹ್ನವಾಯಿತು. ಅಷ್ಟರಲ್ಲಿ ಸುಂಕಮ್ಮ ಸಜ್ಜೆ ರೊಟ್ಟಿ, ಪುಂಡಿಪಲ್ಲೆ, ಗಟ್ಟಿ ಮೊಸರು ತಂದು ನಮ್ಮನ್ನು ಬೇವಿನ ಮರದ ಕೆಳಗೆ ಕೂರಿಸಿ ಬಡಿಸಿದರು. ಮೊದಲು ಬರುವ ನೀರು ಕುಡಿಯಲಲ್ಲ, ಅಂಗಳಕ್ಕೆ ಮಾತ್ರ. ದೊಡ್ಡ ಪ್ರಯೋಗಾಲಯದ ವರದಿ ಬಂದ ಮೇಲೆ ಎಮ್ಮೆಗಳ ಮೈಗೆ. ಬಾಯಿಗೆ ಯಾವಾಗ ಎಂಬುದನ್ನು ಆಮೇಲೆ ನೋಡುವುದು ಎಂದು ಅವರಿಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಲು ಹೊರಟಾಗ, ನನಗೆ ಕಿವಿ ಕೇಳಿಸುತ್ತದೆ, ಉಣ್ಣು ಎಂದರು.

ಕೊನೆಯ ನಲ್ಲಿಯಿಂದ ನೀರು ಬಂತು. ಗಾಜಿನ ನಳಿಗೆಯಲ್ಲಿ ಹಿಡಿದೆ. ಅಷ್ಟರಲ್ಲಿ ಕಾಲೇಜಿನಿಂದ ಬಂದಿದ್ದ ಮೇಡಂ ನನ್ನ ಹಿಂದೆ ನಿಂತರು. ಎರಡು ಹನಿ ಹಾಕಿ ನಳಿಗೆಯನ್ನು ಬಿಸಿಲಿಗೆ ಎತ್ತಿ ಹಿಡಿದೆ. ಸುಂಕಮ್ಮ ಸೆರಗು ಸರಿಪಡಿಸಿಕೊಂಡು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿದರು. ಇಷ್ಟು ತಿಂಗಳು ತಮ್ಮ ನೀರು ಹೊತ್ತು ಒಯ್ದದ್ದಕ್ಕೆ ಏನಾದರೂ ಕಾಣಿಸೀತೆಂದು ಅವರ ನಿರೀಕ್ಷೆ. ನಿಮಿಷಗಳು ಕಳೆದವು.

“ಏನೂ ಆಗವಲ್ದಲ್ಲ ಬೇ” ಎಂದರು ಕಡೆಗೆ, ತುಸು ನಿರಾಶೆಯಿಂದ.

“ಏನೂ ಆಗಬಾರ್ದಂತನ ಇಷ್ಟು ದಿನ ಒದ್ದಾಡೀವಿ ಸುಂಕಮ್ಮ” ಎಂದರು ಮೌನೇಶಪ್ಪ.

ಇನ್ನೊಂದು ನಳಿಗೆ ತುಂಬಿದೆ. ಆಮೇಲೆ ಮತ್ತೊಂದು. ಮೂರರಲ್ಲೂ ನೀರು ನೀರಾಗಿಯೇ ಇತ್ತು. ಸುಂಕಮ್ಮ ಒಂದು ಕೊಡವನ್ನು ನಲ್ಲಿಯ ಕೆಳಗಿಟ್ಟು, ಅದು ತುಂಬಿದ ಮೇಲೆ ತಳ್ಳುಗಾಡಿಯ ಗೊಡವೆಯಿಲ್ಲದೆ, ಹತ್ತು ಹೆಜ್ಜೆ ನಡೆದು ಅಂಗಳಕ್ಕೆ ಚಿಮುಕಿಸತೊಡಗಿದರು. ನಾನು ಬೇವಿನ ಮರದ ಕೆಳಗೆ ದಾಖಲೆ ಪುಸ್ತಕ ತೆರೆದು, ಆ ದಿನದ ಮುಂದೆ ‘ಬಣ್ಣವಿಲ್ಲ’ ಎಂದು ಬರೆದೆ. ಮೊಣಕಾಲ ಮೇಲಿಟ್ಟು ಬರೆದದ್ದರಿಂದ ಅಕ್ಷರಗಳು ಸೊಟ್ಟಗೆ, ಗೆರೆಯಿಂದ ಕೆಳಗಿಳಿದು ಕುಳಿತವು. ಅವನ್ನು ಇನ್ನೊಂದು ಹಾಳೆಯಲ್ಲಿ ದುಂಡಾಗಿ ಬರೆಯುವ ಗೋಜಿಗೆ ನಾನು ಹೋಗಲಿಲ್ಲ.